ಎದೆ ಉರಿ ಅಂದವರಿಗೆ ಬರೀ ಮಾತ್ರೆ ಕೊಟ್ಟು ಕಳಿಸಬೇಡ

ಇಲ್ಲಿ ಜೀವನ ಹೇಗಕ್ಕಾ ಅಂತ ಶುರು ಮಾಡಿ ಕೊನೆಗೆ ನಿಜವಾದ ಚಿಂತೆ ಹೇಳಿಕೊಂಡಿದ್ದೀಯ. ನಿಮ್ಹಾನ್ಸ್‌ನಲ್ಲಿ ಕಲಿತು ಲಾಸ್ ಏಂಜಲೀಸ್‌ಗೆ ಬಂದೆ, ಕೊರಿಯಾಟೌನ್‌ನಲ್ಲಿ ಕೆಲಸವೂ ಸಿಕ್ಕಿತು, ಆದರೆ ಒಂದು ಸಲ ಬಂದ ಕೊರಿಯನ್ ಹಿರಿಯರು ಮತ್ತೆ ಇತ್ತ ತಲೆ ಹಾಕೋದಿಲ್ಲ ಅಂತ. ಬಾಡಿಗೆ, ಕಾರು, ಲೈಸೆನ್ಸು ಹೇಗೋ ಸರಿಹೋಗುತ್ತೆ ಬಿಡು. ಇದಕ್ಕೆ ಮಾತ್ರ, ಇಪ್ಪತ್ತು ವರ್ಷ ಇದೇ ಮನೋರೋಗಿಗಳನ್ನು ನೋಡೋ ಕೆಲಸದಲ್ಲಿ ಸವೆದವಳಾಗಿ ಹೇಳ್ತೀನಿ.

ಮೊದಲ ಭೇಟಿಯಲ್ಲೇ 'ಖಿನ್ನತೆ ಇದೆಯಾ' ಅಂತ ಕೇಳ್ತೀಯಲ್ಲ, ನಮ್ಮೂರ ಅಜ್ಜಿಯನ್ನು ಹಾಗೆ ಕೇಳಿ ನೋಡು. 'ನಂಗೇನು ಹುಚ್ಚೇ' ಅಂತ ಎದ್ದು ಹೋಗ್ತಾಳೆ. ಇವರೂ ಹಾಗೇ. ಇವರಲ್ಲಿ ಹ್ವಾಬ್ಯೊಂಗ್ ಅಂತ ಒಂದಿದೆ, ಬೆಂಕಿ ಕಾಯಿಲೆ. ವರ್ಷಗಟ್ಟಲೆ ನುಂಗಿಕೊಂಡ ಸಿಟ್ಟು ಎದೆಯಲ್ಲಿ ಉರಿಯಾಗಿ, ಗಂಟಲಲ್ಲಿ ಗಂಟಾಗಿ ಕೂರುತ್ತೆ. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಅದರ ಹೆಸರು ಸೇರಿತು. 1992ರ ಏಪ್ರಿಲ್ 29ಕ್ಕೆ ಶುರುವಾದ ಗಲಭೆಯಲ್ಲಿ ಈ ಊರಿನ 2,000ಕ್ಕೂ ಹೆಚ್ಚು ಕೊರಿಯನ್ ಅಂಗಡಿಗಳು ಹಾಳಾದವು. ಸಾ-ಇ-ಗು, ನಾಲ್ಕು-ಎರಡು-ಒಂಬತ್ತು, ಅಂತ ತಾರೀಕಿನಿಂದಲೇ ಅದನ್ನು ಕರೀತಾರೆ. ಎದೆ ಉರಿ ಅಂತ ಬರೋ ಎಪ್ಪತ್ತರ ಹೆಂಗಸು ಅಂಥದ್ದೊಂದು ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದವಳಿರಬಹುದು. ಅದಕ್ಕೇ ಎದೆ, ನಿದ್ದೆ, ಊಟ, ಇಷ್ಟು ಮೊದಲು ಕೇಳು.

ಕಾಯಿಲೆಯ ಹೆಸರಿನ ಭಯ ಕೊರಿಯಾದಲ್ಲೂ ಇತ್ತು. ಸ್ಕಿಜೋಫ್ರೇನಿಯಾಕ್ಕಿದ್ದ 'ಮನಸ್ಸು ಸೀಳುವ ರೋಗ' ಅನ್ನೋ ಹೆಸರು ಬಿಟ್ಟು 2011ರಲ್ಲಿ ತಂತಿ ಶ್ರುತಿ ಮಾಡೋ ಅರ್ಥದ ಹೆಸರಿಟ್ಟರು. ಚಂದದ ಹೆಸರು. ಆದರೆ ಎಂಬತ್ತರ ದಶಕದಲ್ಲೇ ದೇಶ ಬಿಟ್ಟು ಬಂದವರ ಬಾಯಲ್ಲಿ ಹಳೇದೇ ಉಳಿದಿದೆ.

ಇನ್ನೊಂದು. ಮೊಮ್ಮಕ್ಕಳನ್ನು ದುಭಾಷಿ ಮಾಡಬೇಡ. ನಾನು ಹೊಸಬಳಾಗಿದ್ದಾಗ ಒಂದು ಆಸ್ಪತ್ರೆಯಲ್ಲಿ ಹನ್ನೊಂದರ ಹುಡುಗನನ್ನು ಅಜ್ಜಿಯ ಪಕ್ಕ ಕೂರಿಸಿದ್ದರು. 'ಸಾಯಬೇಕು ಅನ್ನಿಸುತ್ತಾ ಕೇಳಪ್ಪ' ಅಂದರು ಡಾಕ್ಟರು. ಹುಡುಗ ತನ್ನ ಶೂ ಲೇಸನ್ನೇ ನೋಡ್ತಾ ಏನೋ ಕೇಳಿದ. ನಂಗೆ ಅರ್ಥವಾದದ್ದು ಒಂದೇ ಪದ, 'ಬಾಪ್'. ಅನ್ನ. ಅಜ್ಜಿ ತಲೆ ಅಲ್ಲಾಡಿಸಿದಳು. 'ಇಲ್ವಂತೆ' ಅಂದ. ಡಾಕ್ಟರು ಹಾಗೇ ಬರಕೊಂಡರು. ನಾನೂ ಸುಮ್ಮನೆ ಕೂತಿದ್ದೆ, ಅದು ಇವತ್ತಿಗೂ ಚುಚ್ಚುತ್ತೆ. ಈಗ ತುರ್ತು ಬಿಟ್ಟರೆ ಚಿಕ್ಕ ಮಕ್ಕಳಿಂದ ಹೀಗೆ ಮಾಡಿಸೋ ಹಾಗಿಲ್ಲ ಅಂತ ಕಾನೂನೇ ಇದೆ. ದುಭಾಷಿ ಬೇಕು ಅಂತ ನಿನ್ನ ಮೇಲಿನವರ ಹತ್ತಿರ ಜಗಳ ಆಡು, ಹೊಸಬಳು ಅಂತ ಹಿಂಜರೀಬೇಡ.

ಇವರು ಕಷ್ಟ ಹೇಳಿಕೊಳ್ಳೋದು ಚರ್ಚಿನ ಪಾದ್ರಿಯ ಹತ್ತಿರ. ಭಾನುವಾರ ಪ್ರಾರ್ಥನೆ ಆದ ಮೇಲೆ ಅಲ್ಲೇ ಊಟ ಇರುತ್ತೆ. ಪಾದ್ರಿಯನ್ನು ಒಪ್ಪಿಸಿ ಮೂಲೇಲಿ ಬಿಪಿ ನೋಡೋ ಮೇಜು ಹಾಕು. ಕೈಗೆ ಪಟ್ಟಿ ಸುತ್ತುತ್ತಾ 'ರಾತ್ರಿ ನಿದ್ದೆ ಬರುತ್ತಾ ಒಮೊನಿಮ್' ಅಂತ ಕೇಳಿದರೆ ಉತ್ತರ ಬರುತ್ತೆ, ಕ್ಲಿನಿಕ್‌ನಲ್ಲಿ ಬರದಿದ್ದದ್ದು. ಒಮೊನಿಮ್ ಅಂದರೆ ಅಮ್ಮನವರೇ ಅಂದ ಹಾಗೆ. ಹೆಸರು ಹಿಡಿದು ಮಾತ್ರ ಕರೀಬೇಡ.

ಹಾಂ, 988. ಸಾಯಬೇಕು ಅನ್ನಿಸಿದವರಿಗೆ, ಮನಸ್ಸು ಕಂಗೆಟ್ಟವರಿಗೆ 2022ರಿಂದ ದೇಶಕ್ಕೆಲ್ಲ ಅದೇ ಸಹಾಯವಾಣಿ. ಕೊರಿಯನ್ ದುಭಾಷಿ ಸಿಗ್ತಾರೆ, ಆದರೆ ಮೊದಲು ಫೋನ್ ಎತ್ತೋದು ಇಂಗ್ಲಿಷಿನಲ್ಲಿ. ಎಷ್ಟೋ ಹಿರಿಯರು ಅಲ್ಲೇ ಇಟ್ಟುಬಿಡ್ತಾರೆ. 'ಕೊರಿಯನ್, ಪ್ಲೀಸ್' ಅಂತ ಎರಡು ಪದ ಅವರ ಲಿಪಿಯಲ್ಲೇ ಬರೆಸಿ, ಫ್ರಿಜ್ಜಿಗೆ ಅಂಟಿಸೋಕೆ ಕೊಡು.