ಮುಚ್ಚುತ್ತಿರುವ ಪಿಜ್ಜಾ ಅಂಗಡಿ: ಬೆಳಗಾವಿಯ ಟಿಳಕವಾಡಿಯಿಂದ ಬಂದ ತಂಗಿಗೆ ಉತ್ತರ

ತಂಗಿ, ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ನಿನ್ನ ಓಣಿಯ ಪಿಜ್ಜಾ ಅಂಗಡಿ ಬಾಗಿಲಿಗೆ ‘ಮೂರು ವಾರದಲ್ಲಿ ಮುಚ್ಚುತ್ತೇವೆ’ ಅಂತ ಚೀಟಿ ಅಂಟಿಸಿದೆ ಎಂದು ಬರೆದಿದ್ದಿ. ನೀನು ಕೇಳಿದ್ದು ಮೂರು. ಒಂದು ಪಿಜ್ಜಾ ಅಂಗಡಿಗಾಗಿ ಆಫೀಸಿನವರು ಕಣ್ಣೀರು ಹಾಕುವುದು ಯಾಕೆ? ಸಸ್ಯಾಹಾರಿಗೆ ಇಂಥದೇ ಇನ್ನೊಂದು ಅಂಗಡಿ ಸಿಗುವುದು ಹೇಗೆ? ಆ ರುಚಿ ಮನೆಯಲ್ಲಿ ಬರುತ್ತದಾ, ದೀಪಾವಳಿಗೆ ಬೆಳಗಾವಿಗೆ ಹೋದಾಗ ಅವ್ವನಿಗೂ ಮಾಡಿ ಕೊಡಬಹುದಾ? ಎಲ್ಲಕ್ಕೂ ಹೇಳುತ್ತೇನೆ. ಆದರೆ ಮೊದಲು ಆ ಮೂರು ವಾರದ ಮಾತು. ಅಂಗಡಿ ಮುಚ್ಚಿದಾಗ ಹೋಗುವುದು ಒಲೆ ಮತ್ತು ಕೈ. ಅವೆರಡರ ಬಗ್ಗೆ ತಿಳಿದುಕೊಳ್ಳಲು ಈಗ ಮಾತ್ರ ಸಮಯವಿದೆ.

ದುಃಖದ ಕಾರಣ ಸರಳ. ನಮ್ಮ ದೇಶಕ್ಕೆ ಪಿಜ್ಜಾವನ್ನು ಊರೂರಿಗೆ ಮುಟ್ಟಿಸಿದ್ದು ಕಂಪನಿಗಳು. ಡಾಮಿನೋಸ್, ಪಿಜ್ಜಾ ಹಟ್ ಎರಡೂ ಭಾರತಕ್ಕೆ ಬಂದದ್ದು 1996ರಲ್ಲಿ. ಅದು ಬಿಟ್ಟರೆ ನಮಗೆ ಗೊತ್ತಿದ್ದದ್ದು ಬೇಕರಿ ಪಿಜ್ಜಾ: ಸಿದ್ಧ ಬೇಸ್, ಮೇಲೆ ಸಿಹಿ ಸಾಸ್, ಉಳ್ಳಾಗಡ್ಡಿ, ಢಬ್ಬು ಮೆಣಸಿನಕಾಯಿ, ತುರಿದ ಚೀಸ್. ಇಲ್ಲಿ ಅಮೆರಿಕದಲ್ಲಿ ಮನೆತನದ ಅಂಗಡಿಗಳೇ ಮೊದಲು. ನ್ಯೂಯಾರ್ಕಿನಲ್ಲಿ ಲೊಂಬಾರ್ಡಿಸ್ 1905ರದು, ಕೋನಿ ಐಲೆಂಡಿನ ಟೊಟೊನೊಸ್ 1924ರದು. ಪಿಜ್ಜಾ ಹಟ್ ಶುರುವಾದದ್ದು 1958ರಲ್ಲಿ, ಡಾಮಿನೋಸ್ 1960ರಲ್ಲಿ. ಹಾಗಾಗಿ ಇಲ್ಲಿನ ಎಷ್ಟೋ ಜನರಿಗೆ ಪಿಜ್ಜಾ ಎಂದರೆ ಒಂದು ಬೀದಿ, ಒಂದು ಕೌಂಟರ್, ಹಿಟ್ಟು ಮೆತ್ತಿಕೊಂಡ ಒಬ್ಬ ಮನುಷ್ಯ. ಮನೆಗಳು ದೂರ ದೂರ, ಎಲ್ಲದಕ್ಕೂ ಕಾರು ಹತ್ತಬೇಕು, ಕೂತು ಮಾತಾಡಲು ಕಟ್ಟೆಯಿಲ್ಲ. ಶಾಲೆಯ ಪಂದ್ಯ ಮುಗಿಸಿ ಮಕ್ಕಳು ಸೇರುವುದು, ಹದಿನಾರರ ಹುಡುಗ ಮೊದಲ ಸಂಬಳ ಎಣಿಸುವುದು, ಹೆಣ ಮಣ್ಣು ಮಾಡಿ ಬಂದವರ ಮನೆಗೆ ಊಟ ಹೋಗುವುದು, ಎಲ್ಲ ಆ ಪಿಜ್ಜಾ ಅಂಗಡಿಯಲ್ಲೇ, ಅಲ್ಲಿಂದಲೇ. ಅವರ ಅಳುವಿನಲ್ಲಿ ನಾಟಕವಿಲ್ಲ. ನಿನಗೂ ಇನ್ನು ಕೆಲವು ವರ್ಷಕ್ಕೆ ಇಂಥ ಒಂದು ಬಾಗಿಲು ಬೇಕಾಗುತ್ತದೆ.

ಮುಚ್ಚುವುದಕ್ಕೆ ಗಿರಾಕಿ ಕಡಿಮೆಯಾದದ್ದೇ ಕಾರಣ ಆಗಬೇಕೆಂದಿಲ್ಲ. ಮಾಲೀಕನಿಗೆ ವಯಸ್ಸಾಗುತ್ತದೆ, ಮಕ್ಕಳು ಬೇರೆ ಓದು ಓದಿ ಬೇರೆ ಕೆಲಸ ಹಿಡಿದಿರುತ್ತಾರೆ. ಕಟ್ಟಡದ ಕರಾರು ಮುಗಿದು ಹೊಸ ಬಾಡಿಗೆ ಹೇಳುವ ದಿನ ಎಷ್ಟೋ ಅಂಗಡಿಗಳ ಕೊನೆಯ ದಿನವಾಗುತ್ತದೆ. ಚೀಸಿನ ದರ ಷಿಕಾಗೋ ಮಾರುಕಟ್ಟೆಯಲ್ಲಿ ಏರಿಳಿಯುತ್ತದೆ. ಏರಿದಾಗಲೆಲ್ಲ ಸಣ್ಣ ಅಂಗಡಿಯವನು ಬೋರ್ಡಿನ ಬೆಲೆ ಬದಲಿಸಲು ಆಗುವುದಿಲ್ಲ. ಆ್ಯಪ್‌ನಲ್ಲಿ ತರಿಸಿದರೆ ಬಿಲ್ಲಿನ ಶೇ 15ರಿಂದ 30ರವರೆಗೆ ಆ್ಯಪ್ ಕಂಪನಿಗೆ ಹೋಗುತ್ತದೆ, ಪಿಜ್ಜಾದಲ್ಲಿ ಉಳಿಯುವುದೇ ಅದಕ್ಕಿಂತ ಕಡಿಮೆ. ಇನ್ನು ಮುಂದೆ ಯಾವ ಸಣ್ಣ ಅಂಗಡಿಯಿಂದಲೇ ಆಗಲಿ, ಫೋನ್ ಮಾಡಿ ಹೇಳು, ನೀನೇ ಹೋಗಿ ತಗೋ. ಕೌಂಟರಿನ ಟಿಪ್ ಡಬ್ಬಿಗೆ ಒಂದೆರಡು ಡಾಲರ್ ಹಾಕು. ಮನೆಗೆ ತಂದುಕೊಟ್ಟವನಿಗಾದರೆ ಬಿಲ್ಲಿನ ಶೇ 15ರಿಂದ 20, ಸಣ್ಣ ಆರ್ಡರಿಗೂ ನಾಲ್ಕೈದು ಡಾಲರಿಗೆ ಕಡಿಮೆ ಬೇಡ.

ಈಗ ಮೂರು ವಾರದ ಕೆಲಸ. ಕೊನೆಯ ದಿನ ಹೋಗಬೇಡ. ಸಾಲು ಬೀದಿ ತುಂಬಿರುತ್ತದೆ, ನಾದಿಟ್ಟ ಹಿಟ್ಟು ಮಧ್ಯಾಹ್ನಕ್ಕೇ ತೀರುತ್ತದೆ, ಒಲೆಯ ಮುಂದಿನವನಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮೂರು ಗಂಟೆಗೆ ಹೋಗು. ಒಂದು ಪ್ಲೇನ್ ಸ್ಲೈಸ್, ಅಂದರೆ ಬರೀ ಸಾಸ್, ಚೀಸಿನ ತುಂಡು ಹೇಳಿ, ಕೌಂಟರಿನ ಹತ್ತಿರವೇ ನಿಂತು ತಿಂದು, ಆಮೇಲೆ ಕೇಳು: ಹಿಟ್ಟು ಯಾವ ಹೆಸರಿನದು, ಒಂದು ಉಂಡೆಯ ತೂಕ ಎಷ್ಟು, ಎಷ್ಟು ದಿನ ತಣ್ಣಗೆ ಇಡುತ್ತಾರೆ, ಚೀಸ್ ಯಾವುದು, ಟೊಮ್ಯಾಟೊ ಡಬ್ಬಿ ಯಾವುದು, ಒಲೆಯ ಶಾಖ ಎಷ್ಟು. ವ್ಯಾಪಾರ ನಡೆಯುವಾಗ ಹೇಳದವರೂ ಮುಚ್ಚುವ ಹೊತ್ತಿಗೆ ಪ್ರೀತಿಯಿಂದ ಹೇಳುವುದುಂಟು. ಅಲ್ಲೇ ಫೋನಿನಲ್ಲಿ ಬರೆದುಕೋ. ಎಲ್ಲಕ್ಕಿಂತ ಮುಖ್ಯವಾಗಿ, ಪಿಜ್ಜಾ ತಟ್ಟುವವನು ಮುಂದೆ ಎಲ್ಲಿ ಕೆಲಸಕ್ಕೆ ಹೋಗುತ್ತಾನೆ ಎಂದು ಕೇಳು. ಮಾಲೀಕ ಮನೆಗೆ ಹೋದರೂ ಆ ಕೈ ಪಕ್ಕದೂರಿನ ಒಲೆಯ ಮುಂದೆ ನಿಂತಿರಬಹುದು. ಅಂಗಡಿಯ ಹೆಸರನ್ನು ಹಿಂಬಾಲಿಸುವುದಕ್ಕಿಂತ ಕೈಯನ್ನು ಹಿಂಬಾಲಿಸುವುದು ಛಲೋ.

ಎರಡು ಪ್ಲೇನ್ ಪಿಜ್ಜಾ ಅರ್ಧ ಬೇಯಿಸಿ ಕೊಡಲು ಕೇಳು. ಪೂರ್ತಿ ಆರಿದ ಮೇಲೆ ತುಂಡು ತುಂಡಾಗಿ ಬೇಕಿಂಗ್ ಪೇಪರಿನಲ್ಲಿ, ಅದರ ಮೇಲೆ ಫಾಯಿಲಿನಲ್ಲಿ ಸುತ್ತಿ ಫ್ರೀಜರಿಗೆ ಹಾಕು. ಬಿಸಿ ಇದ್ದಾಗಲೇ ಸುತ್ತಿದರೆ ಹಬೆ ಮಂಜಾಗಿ ತಳ ಮೆತ್ತಗಾಗುತ್ತದೆ. ಎರಡು ತಿಂಗಳೊಳಗೆ ತಿಂದು ಮುಗಿಸು, ಆಮೇಲೆ ಫ್ರೀಜರಿನ ವಾಸನೆ ಹಿಡಿಯುತ್ತದೆ. ಬಿಸಿ ಮಾಡುವಾಗ ಕರಗಿಸುವುದು ಬೇಡ, ನೇರ 230 ಡಿಗ್ರಿ ಸೆಲ್ಸಿಯಸ್ ಓವನಿಗೆ. ಮೈಕ್ರೋವೇವ್ ಬೇಡವೇ ಬೇಡ.

ಇನ್ನೊಂದು ಅಂಗಡಿ ಹುಡುಕುವಾಗ ಸ್ಲೈಸನ್ನು ಮಗುಚಿ ತಳ ನೋಡು. ಕಂದು ಚುಕ್ಕೆಗಳಿರಬೇಕು, ಮಡಚಿ ಹಿಡಿದರೆ ತುದಿ ಜೋತು ಬೀಳಬಾರದು. ಒಳಗೆ ಕಲ್ಲಿನ ತಳದ ಡೆಕ್ ಓವನ್ ಇದೆಯಾ, ಪಿಜ್ಜಾ ತಾನೇ ಸರಿದುಹೋಗುವ ಪಟ್ಟಿಯ ಓವನ್ ಇದೆಯಾ ನೋಡು. ನಿನಗೆ ಬೇಕಾದದ್ದು ಮೊದಲನೆಯದು. ಹಿಟ್ಟಿನ ಚೀಲಗಳು ಮೂಲೆಯಲ್ಲಿ ಪೇರಿಸಿದ್ದರೆ ಅಲ್ಲೇ ನಾದುತ್ತಾರೆ ಎಂದರ್ಥ.

ತಿನ್ನುವ ವಿಷಯದಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಊರಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿದರೆ ಸಾಕು. ಇಲ್ಲಿ ಆ ಕಟ್ಟುನಿಟ್ಟಿಲ್ಲ. ಚೀಸಿನ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದೂ ಆಗಬಹುದು, ಸೂಕ್ಷ್ಮಜೀವಿಯಿಂದ ತಯಾರಿಸಿದ್ದೂ ಆಗಬಹುದು. ಲೇಬಲ್ಲಿನಲ್ಲಿ ಬರೀ ‘ಎನ್‌ಜೈಮ್ಸ್’ ಅಂತ ಇರುತ್ತದೆ. ಮೊಝರೆಲ್ಲಾ ಹೆಚ್ಚಾಗಿ ಎರಡನೆಯ ಬಗೆಯದು. ಆದರೆ ಮೇಲೆ ಉದುರಿಸುವ ಪೆಕೊರಿನೊ ರೊಮಾನೊ, ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸ್ ಎರಡಕ್ಕೂ ಪ್ರಾಣಿಯ ರೆನೆಟ್ಟೇ ಬೇಕೆಂಬುದು ಅವುಗಳ ನಿಯಮ. ‘ರೊಮಾನೊ, ಪಾರ್ಮೆಸಾನ್ ಬೇಡ’ ಎಂದು ಮೊದಲೇ ಹೇಳು, ಕೆಲವರು ಸಾಸಿನಲ್ಲೂ ಬೆರೆಸುತ್ತಾರೆ. ಸಾಸಿನಲ್ಲಿ ಆ್ಯಂಚೊವಿ ಮೀನು, ಮಾಂಸದ ರಸ ಇದೆಯಾ ಕೇಳು. ಪೆಪರೋನಿ ಎಂಬ ಮಾಂಸ ಹಾಕಿದ ಪಿಜ್ಜಾ ಕತ್ತರಿಸಿದ ಚಕ್ರದಿಂದಲೇ ನಿನ್ನದನ್ನೂ ಕತ್ತರಿಸುತ್ತಾರೆ. ಒಗ್ಗದಿದ್ದರೆ ತೊಳೆದದ್ದು ಕೇಳು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮನೆಯ ಅಡುಗೆಗೆ ಬರೋಣ. 13 ಇಂಚಿನ ಮೂರು ಪಿಜ್ಜಾಕ್ಕೆ ಬ್ರೆಡ್ ಫ್ಲೋರ್ (ಬ್ರೆಡ್ಡಿಗೆ ಬಳಸುವ ಗೋಧಿ ಹಿಟ್ಟು) 600 ಗ್ರಾಂ, ತಣ್ಣೀರು 375 ಗ್ರಾಂ, ಉಪ್ಪು 12, ಸಕ್ಕರೆ 10, ಎಣ್ಣೆ 12, ಇನ್‌ಸ್ಟಂಟ್ ಈಸ್ಟ್ ಬರೀ 2 ಗ್ರಾಂ. ಕಪ್, ಚಮಚೆಯ ಲೆಕ್ಕ ಬಿಡು, ತಕ್ಕಡಿ ಇಟ್ಟುಕೋ. ಬ್ರೆಡ್ ಫ್ಲೋರಿನಲ್ಲಿ ಪ್ರೋಟೀನ್ ಶೇ 12ರಿಂದ 13 ಇರಬೇಕು; ಜಗಿಯುವಾಗ ಸಿಗುವ ಎಳೆತ ಅದರಿಂದಲೇ. ಕಲಸಿ 20 ನಿಮಿಷ ಮುಚ್ಚಿಡು, ಆಮೇಲೆ ಎಂಟು ನಿಮಿಷ ನಾದು. 335 ಗ್ರಾಮಿನ ಮೂರು ಉಂಡೆ ಮಾಡಿ, ಎಣ್ಣೆ ಸವರಿದ ಡಬ್ಬಿಗಳಲ್ಲಿ ಎರಡರಿಂದ ಮೂರು ದಿನ ಫ್ರಿಜ್ಜಿನಲ್ಲಿಡು. ಅಂಗಡಿಯ ರುಚಿಯ ಅರ್ಧ ಪಾಲು ಈ ಕಾಯುವಿಕೆಯಲ್ಲಿದೆ. ಅವಸರಕ್ಕೆ ಈಸ್ಟ್ ಹೆಚ್ಚು ಹಾಕಿ ಎರಡು ತಾಸಿನಲ್ಲಿ ಉಬ್ಬಿಸಿದರೆ ಬನ್ನಿನ ರುಚಿ ಬರುತ್ತದೆ, ಪಿಜ್ಜಾದ್ದಲ್ಲ.

ಬೇಯಿಸುವ ಎರಡು ತಾಸು ಮೊದಲು ಉಂಡೆ ಹೊರಗಿಡು. ತಣ್ಣಗಿದ್ದಾಗ ಹಿಗ್ಗಿಸಿದರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಲವಂತ ಮಾಡಿದರೆ ಹರಿಯುತ್ತದೆ. ಲಟ್ಟಣಿಗೆ ಮುಟ್ಟಬೇಡ, ಒಳಗಿನ ಗಾಳಿಯೆಲ್ಲ ಹೋಗುತ್ತದೆ. ಜೋಳದ ರೊಟ್ಟಿ ಬಡಿದ ಕೈ ಅಂಚಿನವರೆಗೂ ಸಮ ಒತ್ತಲು ಹೋಗುತ್ತದೆ. ಇಲ್ಲಿ ಅಂಚು ಒಂದೂವರೆ ಸೆಂಟಿಮೀಟರ್ ಬಿಟ್ಟು ನಡುವಿನಿಂದ ಒತ್ತುತ್ತಾ ಬಾ, ಆ ಬಿಟ್ಟ ಅಂಚೇ ಉಬ್ಬುವುದು.

ಸಾಸ್ ಕುದಿಸಬೇಡ. ಇಡೀ ಟೊಮ್ಯಾಟೊ ಡಬ್ಬಿಯನ್ನು ಕೈಯಲ್ಲಿ ಹಿಸುಕಿ, ಉಪ್ಪು, ಒರಿಗಾನೊ ಹಾಕಿದರೆ ಆಯಿತು. ಒಂದು ಪಿಜ್ಜಾಕ್ಕೆ 120 ಗ್ರಾಂ ಸಾಕು; ಕಡಿಮೆ ಅನಿಸುತ್ತದೆ, ಆದರೂ ಹೆಚ್ಚಿಸಬೇಡ, ನಡುಭಾಗ ಹಸಿಯಾಗುವುದು ಇಲ್ಲೇ. ಚೀಸ್ ಕಡಿಮೆ ತೇವದ, ಪೂರ್ಣ ಹಾಲಿನ ಮೊಝರೆಲ್ಲಾ 200 ಗ್ರಾಂ. ಗಟ್ಟಿ ತುಂಡು ತಂದು ನೀನೇ ತುರಿ. ತುರಿದೇ ಮಾರುವ ಚೀಲದಲ್ಲಿ ಅಂಟದಿರಲೆಂದು ಸ್ಟಾರ್ಚ್ ಬೆರೆಸಿರುತ್ತಾರೆ, ಅದು ಸರಿಯಾಗಿ ಕರಗುವುದಿಲ್ಲ.

ಮನೆಯ ಓವನಿಗೂ ಡೆಕ್ ಓವನಿಗೂ ಇರುವ ಅಂತರ ತುಂಬುವುದು ಕಾಲಿಂಚು ದಪ್ಪದ ಉಕ್ಕಿನ ಹಲಗೆ. ಕಲ್ಲಿಗಿಂತ ಉಕ್ಕು ಶಾಖವನ್ನು ಬೇಗ ದಾಟಿಸುತ್ತದೆ, ತಳ ಬೇಗ ಕೆಂಪಾಗುತ್ತದೆ. ಓವನಿನ ಗರಿಷ್ಠ ಶಾಖದಲ್ಲಿ, ಅಂದರೆ ಸಾಮಾನ್ಯವಾಗಿ 500ರಿಂದ 550 ಫ್ಯಾರನ್‌ಹೀಟಿನಲ್ಲಿ, ಹಲಗೆಯನ್ನು ಮುಕ್ಕಾಲರಿಂದ ಒಂದು ತಾಸು ಕಾಯಿಸು. ಓವನ್ ‘ಆಯಿತು’ ಅಂತ ಸದ್ದು ಮಾಡಿದ್ದು ಗಾಳಿಗೆ, ಉಕ್ಕಿಗಲ್ಲ. ಮರದ ಹಲಗೆಯ ಮೇಲೆ ಸಣ್ಣ ರವೆ ಉದುರಿಸಿ, ಹಿಗ್ಗಿಸಿದ ಹಿಟ್ಟು ಇಟ್ಟು, ಮೇಲಿನದೆಲ್ಲ ಒಂದು ನಿಮಿಷದೊಳಗೆ ಹಾಕಿ ಕಾದ ಉಕ್ಕಿನ ಮೇಲೆ ಜಾರಿಸು. ತಡವಾದರೆ ಹಿಟ್ಟು ಅಂಟಿಕೊಳ್ಳುತ್ತದೆ. ಆರೇಳು ನಿಮಿಷ ಸಾಕು, ನಾಲ್ಕನೆಯದಕ್ಕೆ ಒಮ್ಮೆ ತಿರುಗಿಸು.

ಇಷ್ಟೆಲ್ಲ ಮಾಡಿದರೂ ಅದೇ ರುಚಿ ಬರುವುದಿಲ್ಲ, ಹತ್ತಿರ ಬರುತ್ತದೆ. ದಶಕಗಳಿಂದ ಆರದ ಒಲೆಗೆ ತನ್ನದೇ ಗುಣವಿರುತ್ತದೆ. ಲೊಂಬಾರ್ಡಿಸ್ 1984ರಲ್ಲಿ ಮುಚ್ಚಿ 1994ರಲ್ಲಿ ಮತ್ತೆ ತೆರೆದಾಗ ಅದೇ ಬೀದಿಯಲ್ಲಿ ಕಲ್ಲಿದ್ದಲ ಒಲೆ ಇದ್ದ ಬೇರೊಂದು ಕಟ್ಟಡಕ್ಕೆ ಹೋಯಿತು. ಹೆಸರಿನಷ್ಟೇ ಒಲೆಯೂ ಬೇಕಾಗಿತ್ತು.

ಬೆಳಗಾವಿಯಲ್ಲಿ ಮಾಡುವಾಗ ಲೆಕ್ಕ ಬದಲಾಗುತ್ತದೆ. ನಮ್ಮ ಮೈದಾದಲ್ಲಿ ಪ್ರೋಟೀನ್ ಕಡಿಮೆ, ಅಮೆರಿಕದ ಬ್ರೆಡ್ ಫ್ಲೋರಿನಷ್ಟು ನೀರು ಹಿಡಿಯುವುದಿಲ್ಲ. ನೂರು ಗ್ರಾಂ ಮೈದಾಕ್ಕೆ 58 ಗ್ರಾಂ ನೀರು ಹಾಕು. ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತಾರೋ, ಕರೆಂಟ್ ಯಾವಾಗ ಹೋಗುತ್ತದೋ, ಹಾಗಾಗಿ ಮೂರು ದಿನ ಇಡುವ ಬದಲು ಒಂದೇ ದಿನ ಇಡು. ಇಲ್ಲದಿದ್ದರೆ ಹಿಟ್ಟು ಹುಳಿಯಾಗಿ ಕುಸಿಯುತ್ತದೆ.

ಊರಿನ ಮನೆಗಳಲ್ಲಿರುವ ಒಟಿಜಿ (ಸಣ್ಣ ಕರೆಂಟ್ ಓವನ್) 250 ಡಿಗ್ರಿ ಸೆಲ್ಸಿಯಸ್ ಮೇಲೆ ಹೋಗುವುದು ಅಪರೂಪ, ಅದರಲ್ಲಿ ಉಕ್ಕಿನ ಹಲಗೆಯೂ ಹಿಡಿಯದು. ಅವ್ವನ ಕಬ್ಬಿಣದ ಹಂಚೇ ಸಾಕು, ಹಿಡಿಕೆ ಸಮೇತ ಒಳಗೆ ಹಿಡಿಸುತ್ತದಾ ಅಂತ ಮೊದಲು ಅಳೆದು ನೋಡು. 200 ಗ್ರಾಮಿನ ಉಂಡೆಯಿಂದ ಹತ್ತು ಇಂಚಿನ ಪಿಜ್ಜಾ ಆಗುತ್ತದೆ. ಒಟಿಜಿಯ ಮೇಲಿನ ಕಂಬಿ ಪೂರ್ತಿ ಕೆಂಪಾಗಲಿ. ಅತ್ತ ಗ್ಯಾಸಿನ ಮೇಲೆ ಹಂಚು ಚೆನ್ನಾಗಿ ಕಾದ ಮೇಲೆ ಹಿಟ್ಟು ಹಾಸಿ, ಸಾಸ್, ಚೀಸ್ ಬೇಗ ಬೇಗ ಹಾಕಿ, ಎರಡು ಮೂರು ನಿಮಿಷಕ್ಕೆ ತಳದಲ್ಲಿ ಚುಕ್ಕೆ ಕಂಡ ಕೂಡಲೇ ದಪ್ಪ ಬಟ್ಟೆ ಹಿಡಿದು ಹಂಚು ಸಮೇತ ಒಳಗಿಡು. ನಾಲ್ಕೈದು ನಿಮಿಷಕ್ಕೆ ಮೇಲೂ ಬೇಯುತ್ತದೆ. ಚೀಸ್ ಅಮುಲ್ ಮೊಝರೆಲ್ಲಾ ಇರಲಿ. ಡಬ್ಬಿಯ ಪ್ರೊಸೆಸ್ಡ್ ಚೀಸ್ ಎಳೆ ಬಿಡುವುದಿಲ್ಲ, ಬೇಕರಿ ರುಚಿ ಬೇಕೆನ್ನುವವರಿಗೆ ಐದರಲ್ಲಿ ಒಂದು ಪಾಲು ಬೆರೆಸು. ಹಂಚು ಸಾಕಷ್ಟು ಕಾಯದೆ ಮೊದಲನೆಯದರ ತಳ ಬಿಳಿಯಾಗಿ ಬರುವ ಸಾಧ್ಯತೆಯೇ ಹೆಚ್ಚು. ಒಂದು ಉಂಡೆ ಹೆಚ್ಚಿಗೆ ಮಾಡಿಟ್ಟುಕೊಂಡೇ ಶುರು ಮಾಡು.