ಕುಂಬಳೆ, ಕುಂಬಳ, ಕುಂಬ್ಳ: ಕಾಸರಗೋಡಿನ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಬಗೆ

ಕುಂಬಳೆಯ ಒಬ್ಬರೇ ಮನುಷ್ಯರು ಮೂರು ಪಟ್ಟಿಗಳಲ್ಲಿ ಮೂವರಾಗಿ ಕಾಣುವುದರಲ್ಲಿ ಯಾರ ಕಿತಾಪತಿಯೂ ಇಲ್ಲ. ದೇವಸ್ಥಾನದ ರಶೀದಿ ಕನ್ನಡದಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಬ್ಯಾಂಕಿನ ಪಾಸ್‌ಬುಕ್ಕು ಇಂಗ್ಲಿಷಿನಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಇಲ್ಲಿ ಹೀಗೇ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಬ್ಯಾರಿಯೋ ಇರುತ್ತದೆ. ಬರೆದುಕೊಳ್ಳುವವರ ಕಿವಿಗೆ ಬಿದ್ದದ್ದೇ ದಾಖಲೆ. ನಾವು ಮಂಜೇಶ್ವರ, ಮಧೂರು ಅಂದರೆ ಮಲಯಾಳದಲ್ಲಿ ಮಂಜೇಶ್ವರಂ, ಮಧೂರ್. ನಮ್ಮ ಸುರೇಶ ಅಲ್ಲಿ ಸುರೇಶನ್. ಜಿಲ್ಲೆಯ ಹೆಸರಂತೂ ಮಲಯಾಳದೊಳಗೇ ಕಾಸರಗೋಡ್, ಕಾಸರ್‌ಗೋಡ್, ಕಾಸರ್‌ಕೋಟ್ ಎಂದು ಮೂರು ಬಗೆ.

ಹೊರಗಿನಿಂದ ಬಂದವರು ಮೊದಲು ಮಾಡುವ ಕೆಲಸ, ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಸೌಂಡೆಕ್ಸ್ ಹಾಕುವುದು. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ವಿಧಾನ ಅದು: ಮೊದಲ ಅಕ್ಷರ ಉಳಿಸಿ, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ 1ರಿಂದ 6ರವರೆಗಿನ ಅಂಕೆ ಕೊಟ್ಟು, ಒಟ್ಟು ನಾಲ್ಕು ಸ್ಥಾನಕ್ಕೆ ಕತ್ತರಿಸುತ್ತದೆ. ಕುಂಬಳೆಯ ಎಲ್ಲ ರೂಪಗಳೂ ಕೆ514 ಆಗುತ್ತವೆ, ಸಂತೋಷ. ಆದರೆ ವರ್ಕಾಡಿಯನ್ನು ಕೆಲವರು ‘ವಿ’ಯಿಂದ, ಕೆಲವರು ‘ಡಬ್ಲ್ಯೂ’ನಿಂದ ಬರೆಯುತ್ತಾರೆ, ವಿ623 ಒಂದು ಕಡೆ, ಡಬ್ಲ್ಯೂ623 ಇನ್ನೊಂದು ಕಡೆ. ಎಣ್ಮಕಜೆಗೆ ಮುಂದೆ ‘ವೈ’ ಸೇರಿಸಿದರೂ ಇದೇ ಕಥೆ. ಮೊದಲ ಅಕ್ಷರವೇ ಬೇರೆಯಾದ ಮೇಲೆ ಸೌಂಡೆಕ್ಸ್ ಕೈಚೆಲ್ಲುತ್ತದೆ. ಸೀತಾ ಮತ್ತು ಸುಧಾ ಮಾತ್ರ ಎರಡೂ ಎಸ್300!

ಬರೀ ಲೆವೆನ್‌ಶ್ಟೈನ್ ದೂರ, ಅಂದರೆ ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಲೆಕ್ಕ, ಇದಕ್ಕೆ ತಿರುಗುಮುರುಗಾಗಿ ಕೆಡುತ್ತದೆ. ಇಂಗ್ಲಿಷಿನಲ್ಲಿ ಸೀತಾ ಎಂಬುದನ್ನು ‘ಎಸ್, ಐ, ಟಿ, ಎ’ ಎಂದು ಬರೆದರೆ ಒಂದು, ‘ಎಸ್, ಡಬಲ್ ಇ, ಟಿ, ಎಚ್, ಎ’ ಎಂದರೆ ಇನ್ನೊಂದು. ಇವೆರಡರ ದೂರ 3. ಅದೇ ಮೊದಲ ಸೀತಾಳಿಗೂ ಗೀತಾಳಿಗೂ ನಡುವಿನ ದೂರ ಬರೀ 1.

ಹಾಗಾಗಿ ಕನ್ನಡ, ಮಲಯಾಳ ಎರಡೂ ಕೈಯಲ್ಲಿರುವಾಗ ಇಂಗ್ಲಿಷಿನ ಸುತ್ತುದಾರಿ ಬೇಡವೇ ಬೇಡ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎರಡು ಲಿಪಿಗಳೂ ಒಂದೇ ಕ್ರಮದಲ್ಲಿವೆ. ಮಲಯಾಳ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಹೆಚ್ಚಿನವು ಕನ್ನಡ ಅಕ್ಷರವಾಗಿ ಬರುತ್ತವೆ. ಕೈಕೊಡುವುದು ಮೂರು ಜಾಗದಲ್ಲಿ. ಚಿಲ್ಲಕ್ಷರಗಳು (ಸ್ವರವಿಲ್ಲದ ನ್, ರ್, ಲ್, ಳ್, ಣ್) 2008ರಿಂದ ಸ್ವಂತ ಸಂಖ್ಯೆ ಪಡೆದಿವೆ, ಕನ್ನಡದಲ್ಲಿ ಆ ಸ್ಥಾನ ಖಾಲಿ. ಅವನ್ನು ಮೊದಲೇ ವ್ಯಂಜನ ಮತ್ತು ವಿರಾಮವಾಗಿ (ಸ್ವರವಿಲ್ಲ ಎಂದು ತೋರಿಸುವ ಚಿಹ್ನೆ) ಒಡೆಯಿರಿ. ಹಳೆಯ ಕಡತಗಳಲ್ಲಿ ಅದೇ ಚಿಲ್ಲು ವ್ಯಂಜನ, ವಿರಾಮ ಮತ್ತು ಕಾಣದ ಜೋಡಣೆ ಚಿಹ್ನೆಯಾಗಿ ಇರುತ್ತದೆ, ಆ ಚಿಹ್ನೆಯನ್ನು ಅಳಿಸಿ. ಮಲಯಾಳದ ೞಕಾರಕ್ಕೂ ಈಗಿನ ಔ ಚಿಹ್ನೆಗೂ ಕೈಯಾರೆ ಜೋಡಿ ಕೊಡಬೇಕು. ೞವನ್ನು ಳ ಮಾಡಿದರೆ ನಮ್ಮ ಕೆಲಸಕ್ಕೆ ಸಾಕು.

ಇದಕ್ಕೂ ಮುಂಚೆ ಎರಡು ಪಟ್ಟಿಯನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡು ಸಂಕೇತಗಳನ್ನು ಕೂಡಿಸಿ ಬರೆಯುವ ಯೂನಿಕೋಡಿನ ರೂಪ) ತನ್ನಿ. ‘ಗೋ’ದ ಓತ್ವ ಒಂದು ಕಡತದಲ್ಲಿ ಒಂದೇ ಸಂಕೇತ, ಇನ್ನೊಂದರಲ್ಲಿ ಮೂರು ತುಂಡು ಆಗಿರಬಹುದು. ಪರದೆಯಲ್ಲಿ ಕೂದಲೆಳೆಯ ವ್ಯತ್ಯಾಸ ಕಾಣದು, ದೂರ ಮಾತ್ರ 3.

ಆಮೇಲೆ ಉಚ್ಚಾರದ ಕೀಲಿ, ಅಂದರೆ ಒಂದೇ ಥರ ಕೇಳುವ ಹೆಸರುಗಳಿಗೆಲ್ಲ ಒಂದೇ ಆಗಿ ಬರುವ ಗಿಡ್ಡ ರೂಪ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿ, ಶ ಷ ಸ ಒಂದೇ, ಕ ಗ ಒಂದೇ, ಟ ಡ ಒಂದೇ. ಆದರೆ ತ ದ ಬೇರೆಯೇ ಇರಲಿ. ಪದದ ಕೊನೆಯ ಉ, ಎ, ಅಂ, ನ್ ತೆಗೆದು, ನಡುವಿನ ಸ್ವರಗಳನ್ನೂ ವಿರಾಮಗಳನ್ನೂ ಬಿಡಿ. ಒಂದೇ ಕೀಲಿ ಬಂದವನ್ನಷ್ಟೇ ಪರಸ್ಪರ ಹೋಲಿಸಿ. 10,000 ಹೆಸರಿನ ಎರಡು ಪಟ್ಟಿಗಳನ್ನು ಕೀಲಿಯಿಲ್ಲದೆ ಹೋಲಿಸಿದರೆ 10 ಕೋಟಿ ಜೋಡಿಗಳಾಗುತ್ತವೆ.

ಹೋಲಿಕೆ ಮೂಲ ರೂಪಗಳ ನಡುವೆ, ತೂಕವಿಟ್ಟು ನಡೆಯಲಿ. ಪದದ ಕೊನೆಯಲ್ಲಿ ಉಕಾರಕ್ಕೆ ವಿರಾಮ ಬಂದರೆ 0.1, ಹ್ರಸ್ವ ದೀರ್ಘಕ್ಕೆ 0.2, ಕ–ಗ, ಟ–ಡ ಬದಲಾವಣೆಗೆ 0.3, ನಡುವಿನ ಅಕಾರ ಬಿದ್ದು ವಿರಾಮ ಬಂದರೆ 0.4, ಉಳಿದದ್ದಕ್ಕೆಲ್ಲ 1 ಎಂದು ಆರಂಭಿಸಿ. ಕಾಸರಗೋಡು ಮತ್ತು ಕಾಸರ್‌ಕೋಟ್ ನಡುವಿನ ಸಾದಾ ದೂರ 4, ತೂಕದ ದೂರ 1.1. ಅದನ್ನು ಉದ್ದದ ಪದದ ಸಂಕೇತಗಳ ಸಂಖ್ಯೆಯಿಂದ, ಇಲ್ಲಿ 9ರಿಂದ, ಭಾಗಿಸಿ, 0.2ರೊಳಗೆ ಬಂದರೆ ಒಪ್ಪಬಹುದು.

ಗಿಡ್ಡ ಹೆಸರುಗಳಿಗೆ ಈ ಮಿತಿ ನಂಬಬೇಡಿ. ರಮಾ, ರಾಮ ಎರಡರ ದೂರ ಎರಡು ದೀರ್ಘಗಳ ಲೆಕ್ಕದಲ್ಲಿ 0.4, ಮೂರರಿಂದ ಭಾಗಿಸಿದರೆ 0.13, ಗಂಡು ಹೆಣ್ಣು ಒಂದಾಗಿಬಿಡುತ್ತವೆ. ಅಂಥಲ್ಲಿ ಹುಟ್ಟಿದ ದಿನಾಂಕ, ತಂದೆಯ ಹೆಸರು, ಮನೆ ಹೆಸರು ಇವುಗಳಲ್ಲಿ ಎರಡಾದರೂ ಹೊಂದಲೇಬೇಕು. ಕೃಷ್ಣ, ಕೃಷ್ಣನ್ ವಿಷಯದಲ್ಲೂ ಎಚ್ಚರ: ಕೊನೆಯ ನ್ ಒಮ್ಮೊಮ್ಮೆ ಗುಮಾಸ್ತರು ಸೇರಿಸಿದ್ದು, ಒಮ್ಮೊಮ್ಮೆ ಅಪ್ಪ ಅಮ್ಮ ಇಟ್ಟದ್ದೇ. ನಾಯ್ಕ, ನಾಯಕ್ ಬೇರೆ ಬೇರೆ ಮನೆತನದವರಿರಬಹುದು, ಅವರನ್ನು ಯಂತ್ರ ಕೂಡಿಸಿದರೆ ಜಗಳ ಖಂಡಿತ. ಇಂಥ ಕೂಡಿಸಬಾರದ ಜೋಡಿಗಳನ್ನು ಬೇರೆ ಪಟ್ಟಿಯಲ್ಲಿಟ್ಟು, ತೂಕದ ಲೆಕ್ಕಕ್ಕೂ ಮೊದಲೇ ಅದನ್ನು ನೋಡುವಂತೆ ಬರೆಯಿರಿ. ಊರವರೊಬ್ಬರನ್ನು ಕೂರಿಸಿಕೊಂಡರೆ ಆ ಪಟ್ಟಿ ಒಂದು ಮಧ್ಯಾಹ್ನದ ಕೆಲಸ.