ಗುಳ್ಳೆ ಎದ್ದ ದಿನವೇ ಸೋಂಕು ತಗುಲಿದ ದಿನವಲ್ಲ

ಓದುಗರೊಬ್ಬರ ಪತ್ರ: “ಮದುವೆಯಾಗಿ ಒಂಬತ್ತು ವರ್ಷ. ಹೋದ ತಿಂಗಳು ನನಗೆ ಗುಪ್ತಾಂಗದ ಹತ್ತಿರ ನೀರುಗುಳ್ಳೆಗಳು ಎದ್ದವು. ಡಾಕ್ಟರು ಹರ್ಪಿಸ್ ಎಂದರು. ಅಂದಿನಿಂದ ಯಜಮಾನರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅವರನ್ನು ಬಿಟ್ಟು ನನಗೆ ಬೇರೆ ಯಾರೊಂದಿಗೂ ಸಂಬಂಧವಿಲ್ಲ. ಅವರಿಗೂ ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಏಳುವುದುಂಟು, ಅದು ಉಷ್ಣದ್ದು. ನನಗಿದು ವಾಸಿಯಾಗುತ್ತದಾ? ಟವೆಲ್, ತಟ್ಟೆ ಬೇರೆ ಇಡಬೇಕಾ? ಇನ್ನೊಂದು ಮಗು ಬೇಕೆಂದುಕೊಂಡಿದ್ದೆವು.”

ಸಂಪಾದಕರ ಉತ್ತರ:

ಪ್ರಿಯ ಸೋದರಿ,

ನಿಮ್ಮ ಯಜಮಾನರ ತುಟಿಯ ಗುಳ್ಳೆ ಉಷ್ಣದ್ದಲ್ಲ. ಜ್ವರ ಬಂದಾಗಲೆಲ್ಲ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ ಎಂದರೆ ಬಹುತೇಕ ಅದೂ ಹರ್ಪಿಸ್ಸೇ. ಈ ವೈರಸ್‌ನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ಬಾಯಿಯ ಸುತ್ತ, ಎರಡನೆಯದು ಹೆಚ್ಚಾಗಿ ಗುಪ್ತಾಂಗದಲ್ಲಿ. ಆದರೆ ಬಾಯಿಂದ ನಡೆಸುವ ಲೈಂಗಿಕ ಕ್ರಿಯೆಯಲ್ಲಿ ತುಟಿಯ ವೈರಸ್ ಗುಪ್ತಾಂಗಕ್ಕೂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಒಂದನೆಯ ಬಗೆಯ ವೈರಸ್ ಇದೆ. ಹೆಚ್ಚಿನವರಿಗೆ ಅದು ಬರುವುದು ಚಿಕ್ಕಂದಿನಲ್ಲೇ, ಯಾರೋ ಮುದ್ದು ಮಾಡಿ ಮುತ್ತಿಟ್ಟಾಗ. ಅದರಲ್ಲಿ ಯಾರ ನಡತೆಯ ಮಾತು ಬಂತು?

ಒಮ್ಮೆ ಒಳಸೇರಿದ ವೈರಸ್ ನರದ ಗುಂಟ ಸಾಗಿ ಬೆನ್ನುಹುರಿಯ ಅಥವಾ ತಲೆಬುರುಡೆಯ ಬುಡದ ನರಗಂಟಿನಲ್ಲಿ ಉಳಿದುಬಿಡುತ್ತದೆ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಸುಮ್ನೆ ಇರುತ್ತದೆ. ಜ್ವರ, ಸುಡುಬಿಸಿಲು, ಮುಟ್ಟು, ನಿದ್ದೆಗೇಡು, ಯಾವುದೋ ನೆಪ ಸಿಕ್ಕಾಗ ಅದೇ ನರದ ದಾರಿಯಲ್ಲಿ ಮತ್ತೆ ಚರ್ಮಕ್ಕೆ ಬರುತ್ತದೆ. ಮೊದಲು ಆ ಜಾಗ ಚುರುಗುಟ್ಟುತ್ತದೆ, ನವೆಯಾಗುತ್ತದೆ. ಒಂದೆರಡು ದಿನದಲ್ಲಿ ಕೆಂಪಗಾದ ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ, ಒಡೆದು ಹುಣ್ಣಾಗುತ್ತವೆ, ಹಕ್ಕಳೆ ಕಟ್ಟಿ ಒಣಗುತ್ತವೆ. ಇಷ್ಟೆಲ್ಲ ಆಗದವರೂ ತುಂಬಾ ಜನ. ಎಷ್ಟೋ ಮಂದಿಗೆ ಸೋಂಕು ಇರುವುದೇ ಗೊತ್ತಿರುವುದಿಲ್ಲ. ಚರ್ಮದಲ್ಲಿ ಏನೂ ಕಾಣದ ದಿನವೂ ವೈರಸ್ ಹೊರಬೀಳಬಹುದು, ಹಾಗಾಗಿ ಗೊತ್ತಿಲ್ಲದೆಯೇ ದಾಟುತ್ತದೆ. ಇವತ್ತು ಎದ್ದ ಗುಳ್ಳೆಯ ಸೋಂಕು ಹೋದ ವಾರದ್ದೂ ಆಗಿರಬಹುದು, ಮದುವೆಗೆ ಮುಂಚಿನದ್ದೂ ಆಗಿರಬಹುದು. ಯಾರಿಂದ, ಯಾವಾಗ ಬಂತು ಎಂದು ರಕ್ತಪರೀಕ್ಷೆಯೂ ಹೇಳುವುದಿಲ್ಲ. ಗುಳ್ಳೆ ಹಸಿಯಾಗಿರುವಾಗಲೇ ಹತ್ತಿಕಡ್ಡಿಯಿಂದ ದ್ರವ ತೆಗೆದು ಪಿಸಿಆರ್ (ವೈರಸ್‌ನ ವಂಶವಾಹಿ ಗುರುತಿಸುವ ಪರೀಕ್ಷೆ) ಮಾಡಿಸಿದರೆ ಯಾವ ಬಗೆ ಎಂಬುದು ತಿಳಿಯುತ್ತದೆ. ಗುಪ್ತಾಂಗದಲ್ಲಿ ಒಂದನೆಯ ಬಗೆಯಾದರೆ ಮರುಕಳಿಸುವುದು ಕಡಿಮೆ. ಈ ಪುಟವನ್ನು ನಿಮ್ಮ ಯಜಮಾನರಿಗೆ ಓದಲು ಕೊಡಿ. ನಿಮ್ಮಿಬ್ಬರಲ್ಲಿ ಯಾರನ್ನೂ ಅನುಮಾನಿಸಲು ಆ ಗುಳ್ಳೆ ಸಾಕ್ಷಿಯಲ್ಲ.

ವಾಸಿಯ ವಿಚಾರಕ್ಕೆ ಬಂದರೆ, ಹುಣ್ಣು ವಾಸಿಯಾಗುತ್ತದೆ, ವೈರಸ್ ಮಾತ್ರ ಮೈಯಲ್ಲೇ ಉಳಿಯುತ್ತದೆ. ಅದನ್ನು ಪೂರ್ತಿ ತೆಗೆಯುವ ಔಷಧ ಇನ್ನೂ ಬಂದಿಲ್ಲ. ‘ಬುಡಸಮೇತ ಗುಣ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ದುಡ್ಡು ಕಳೆದುಕೊಳ್ಳಬೇಡಿ. ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮಾತ್ರೆಗಳು ವೈರಸ್ ಹೆಚ್ಚಾಗದಂತೆ ತಡೆಯುತ್ತವೆ. ಮೊದಲ ಸಲಕ್ಕೆ ಸಾಮಾನ್ಯವಾಗಿ 7ರಿಂದ 10 ದಿನ ಕೊಡುತ್ತಾರೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಮತ್ತೆ ಬರುವ ಸೂಚನೆ ಕಂಡ ಕೂಡಲೇ ತೆಗೆದುಕೊಳ್ಳಲು ಮಾತ್ರೆ ಮನೆಯಲ್ಲೇ ಇಟ್ಟುಕೊಳ್ಳಬಹುದಾ ಎಂದು ಡಾಕ್ಟರನ್ನು ಕೇಳಿ. ಪದೇ ಪದೇ ಬರುವವರಿಗೆ ದಿನಕ್ಕೊಂದರಂತೆ ಮಾತ್ರೆ ಬರೆದುಕೊಡುವುದೂ ಉಂಟು. ಅದರಿಂದ ಸಂಗಾತಿಗೆ ದಾಟುವ ಸಾಧ್ಯತೆಯೂ ತಗ್ಗುತ್ತದೆ. ಸಿಕ್ಕ ಸಿಕ್ಕ ಮುಲಾಮು, ಅದರಲ್ಲೂ ಸ್ಟೀರಾಯ್ಡ್ ಇರುವುದನ್ನು, ಹಚ್ಚಬೇಡಿ.

ತಟ್ಟೆ, ಟವೆಲ್, ಹಾಸಿಗೆ ಬೇರೆ ಇಡುವ ಅಗತ್ಯವಿಲ್ಲ. ಮೈಯಿಂದ ಹೊರಬಿದ್ದ ವೈರಸ್ ಜಾಸ್ತಿ ಹೊತ್ತು ಬಾಳದು. ಅದು ದಾಟುವುದು ಚರ್ಮಕ್ಕೆ ಚರ್ಮ ತಾಗಿದಾಗ. ಚುರುಗುಟ್ಟಲು ಶುರುವಾದಾಗಿನಿಂದ ಹುಣ್ಣು ಪೂರ್ತಿ ಒಣಗುವವರೆಗೆ ಕೂಡಬೇಡಿ. ಉಳಿದ ದಿನಗಳಲ್ಲಿ ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಹುಣ್ಣು ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ಒಯ್ಯಬೇಡಿ. ಕಣ್ಣಿನ ಹರ್ಪಿಸ್ ದೃಷ್ಟಿಗೇ ಕುತ್ತು ತರಬಲ್ಲದು.

ಮಗುವಿನ ಆಸೆ ಬಿಡಬೇಡಿ. ಹಳೆಯ ಸೋಂಕು ಇರುವ ತಾಯಿಯಿಂದ ಮಗುವಿಗೆ ದಾಟುವುದು ತೀರಾ ಅಪರೂಪ, ಸೋಂಕಿನ ವಿರುದ್ಧ ತಾಯಿಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಗುವನ್ನೂ ಕಾಯುತ್ತವೆ. ಹೆಚ್ಚು ಅಪಾಯ ಇರುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಸೋಂಕು ತಗುಲಿದಾಗ. ಬಸುರಾದ ಮೇಲೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ವಿಷಯ ಹೇಳಿ. 36ನೇ ವಾರದಿಂದ ಮಾತ್ರೆ ಕೊಡುವ ರೂಢಿಯಿದೆ. ಹೆರಿಗೆ ನೋವು ಶುರುವಾದಾಗ ಹುಣ್ಣು ಕಂಡರೆ ಸಿಸೇರಿಯನ್ ಮಾಡುತ್ತಾರೆ. ಮಗು ಹುಟ್ಟಿದ ಮೇಲೆ, ತುಟಿಯಲ್ಲಿ ಗುಳ್ಳೆ ಇರುವವರು ಯಾರೇ ಆಗಲಿ, ಅದಕ್ಕೆ ಮುತ್ತು ಕೊಡಲು ಬಿಡಬೇಡಿ. ದೊಡ್ಡವರಿಗೆ ನಾಲ್ಕು ದಿನದ ಕಿರಿಕಿರಿಯಾಗುವ ಈ ಸೋಂಕು ಎಳೆಗೂಸಿನ ಜೀವಕ್ಕೇ ಎರವಾಗಬಹುದು.